ಲೂಸ್ ಮಾಡ್ಕೊಂಡಿದ್ದು ಬೇರೆ, ಲೂಸ್ ಆಗಿದ್ದು ಬೇರೆ

ಹೋದ ಸಂಚಿಕೆಯ ಕೊನೇಲಿ "ನೋಡೋಕೆ ಅವಳಿ-ಜವಳಿ ಥರ ಇದ್ದು ಅರ್ಥ ಮಾತ್ರ ಬೇರೆ ಬೇರೆ ಇರೋ ಇಂಗ್ಲಿಷ್ ಪದಗಳ ಬಗ್ಗೆ ಡೌಟಿದ್ರೆ ಬರೀರಿ" ಅಂತ ಒಂದು ಸಾಲು ಹಾಕಿದ್ದೆ. ಇಷ್ಟು ಪತ್ರ ಬರುತ್ತೆ ಅಂತ ಗೊತ್ತಿದ್ರೆ ಹಾಕ್ತಾನೇ ಇರ್ಲಿಲ್ವೇನೋ. ಒಂದೇ ಪ್ರಶ್ನೇನ ನಾಲ್ಕೈದು ಜನ ಕೇಳಿದ ಕಡೆ ಸೇರಿಸಿ ಒಂದು ಮಾಡಿದೀನಿ. ಕೆಲವರು ಹೆಸರು ಹಾಕ್ಬೇಡಿ ಅಂತ ಬರೆದಿದ್ರು, ಕೆಲವರದ್ದು ಹಾಕಿ ಕೆಲವರದ್ದು ಬಿಟ್ರೆ ಚೆನ್ನಾಗಿರಲ್ಲ ಅಂತ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ ನಮಸ್ಕಾರ. ಆಫೀಸಲ್ಲಿ ಒಂದು ಮೇಲ್ ಕಳಿಸಿದ್ದೆ, "ಈ ಕ್ಲೈಂಟನ್ನ ಕಳ್ಕೊಳ್ಳೋಕೆ ನಮಗಿಷ್ಟ ಇಲ್ಲ" ಅನ್ನೋದಕ್ಕೆ ಲೂಸ್ ಅಂತ ಎರಡು ಓ ಹಾಕಿ ಬರೆದುಬಿಟ್ಟೆ. ನಮ್ಮ ಮ್ಯಾನೇಜರ್ ಎಲ್ಲರ ಮುಂದೆ "ಕಟ್ಟಿಹಾಕಿದ್ರಾ ಅವರನ್ನ, ಬಿಚ್ಚಿಬಿಡಲ್ವಾ" ಅಂತ ನಕ್ಕರು. ಕಂಪ್ಯೂಟರು ಕೆಂಪು ಗೆರೆ ಕೂಡ ಹಾಕ್ಲಿಲ್ಲ. ನನ್ನ ತಪ್ಪಾ ಅದರ ತಪ್ಪಾ?

ಉತ್ತರ: ಕಂಪ್ಯೂಟರನ್ನ ಬೈಬೇಡಿ ಪಾಪ. ಸಾಮಾನ್ಯ ಸ್ಪೆಲ್ ಚೆಕ್ ನೋಡೋದು ಒಂದೇ, ಈ ಪದ ನನ್ನ ಪಟ್ಟೀಲಿ ಇದೆಯಾ ಇಲ್ವಾ ಅಂತ. ನೀವು ಬರೆದ ಪದ ಪಟ್ಟೀಲಿ ಇದೆ, ಸುಮ್ಮನಾಯ್ತು. ಅದು ಇಲ್ಲಿಗೆ ಬೇಕಾದ ಪದ ಹೌದೋ ಅಲ್ವೋ ಅನ್ನೋದು ಬೇರೆ ಲೆಕ್ಕ, ಈಗಿನ ಗ್ರಾಮರ್ ಚೆಕ್‌ಗಳು ಸ್ವಲ್ಪ ಮಟ್ಟಿಗೆ ಹಿಡೀತಾವೆ ಆದ್ರೆ ನಂಬ್ಕೊಂಡು ಕೂರೋಕಾಗಲ್ಲ.

ನನ್ನ ಪ್ರಕಾರ ಇಲ್ಲಿ ಅಸಲಿ ಕಳ್ಳ ನಮ್ಮ ಕಿವಿ. ಕಳ್ಕೊಳ್ಳೋ ಪದದ ಕೊನೇಲಿ ಬರೋದು ಝೇಂಕರಿಸೋ ಝಡ್ ಸದ್ದು, ಸಡಿಲ ಅನ್ನೋ ಅರ್ಥದ ಪದದ ಕೊನೇಲಿ ಬರೋದು ಹಾವು ಬುಸ್ ಅಂದ ಹಾಗೆ ಬರಿ ಸ್. ಇಂಗ್ಲಿಷ್ ಮನೆಮಾತಾದವರಿಗೆ ಇವೆರಡೂ ನಮಗೆ ಹುಲಿ ಹುಳಿ ಇದ್ದಷ್ಟೇ ದೂರ. ಆದ್ರೆ ಕನ್ನಡಕ್ಕೆ ಆ ಝಡ್ ಸದ್ದು ಹುಟ್ಟಿನಿಂದ ಬಂದಿದ್ದಲ್ಲ, ಪುಸ್ತಕದವರು ಜ ಕೆಳಗೆ ಚುಕ್ಕಿ ಇಟ್ಟು ಬರೀತಾರೆ ನಾವು ಓದುವಾಗ ಚುಕ್ಕಿ ನುಂಗಿಬಿಡ್ತೀವಿ, ಹಾಗಾಗಿ ಎರಡನ್ನೂ ಲೂಸ್ ಅಂತಾನೇ ಬರೀತೀವಿ ಲೂಸ್ ಅಂತಾನೇ ಹೇಳ್ತೀವಿ, ಮೇಲಿಂದ ತಲೆ ಸರಿ ಇಲ್ಲದವರಿಗೂ ಲೂಸು ಅಂತ ಹೆಸರಿಟ್ಟು ಮೂರನೇ ಅರ್ಥ ಬೇರೆ ಸೇರಿಸಿದೀವಿ.

ಇನ್ನೊಂದು ಗುಂಡಿ ಇದೆ. ಆರಿಸಿಕೋ ಅನ್ನೋ ಅರ್ಥದ ಚೂಸ್ ಇದೆಯಲ್ಲ, ಅದಕ್ಕೆ ಎರಡು ಓ, ಸದ್ದು ಮಾತ್ರ ಝಡ್. ಅದನ್ನ ನೋಡಿ ಅಭ್ಯಾಸ ಆದ ಕೈ ಕಳ್ಕೊಳ್ಳೋ ಪದಕ್ಕೂ ಎರಡು ಓ ಹಾಕುತ್ತೆ. ನೀವು ಮಾಡಿದ್ದು ಅದೇ ಇರ್ಬೇಕು. ನಾನು ಮಕ್ಕಳಿಗೆ ಹೇಳಿಕೊಡ್ತಿದ್ದದ್ದು ಹೀಗೆ: ಕಳ್ಕೊಳ್ಳೋ ಪದ ತನ್ನದೇ ಒಂದು ಓ ಕಳ್ಕೊಂಡಿದೆ. ಸಡಿಲ ಪದದಲ್ಲಿ ಎರಡು ಓಗಳು ಆರಾಮಾಗಿ ಸಡಿಲವಾಗಿ ಕೂತಿವೆ, ಬಾತುಕೋಳಿ ಜಾತಿಯ ಗೂಸ್‌ನಲ್ಲಿ ಕೂತ ಹಾಗೆ.

ಈ ಸ್ ಮತ್ತು ಝಡ್ ಕಿವಿಗೆ ಬಿತ್ತು ಅಂದ್ರೆ ಒಂದು ದೊಡ್ಡ ಗಂಟು ತಾನಾಗೇ ಬಿಚ್ಕೊಳ್ಳುತ್ತೆ. ಸಲಹೆ ಅನ್ನೋ ಅಡ್ವೈಸ್‌ಗೆ ಸಿ, ಸದ್ದು ಸ್. ಸಲಹೆ ಕೊಡು ಅನ್ನೋದಕ್ಕೆ ಎಸ್, ಸದ್ದು ಝಡ್. ಸಾಧನ ಅನ್ನೋ ಡಿವೈಸ್‌ಗೂ, ಉಪಾಯ ಹೂಡು ಅನ್ನೋ ಕ್ರಿಯಾಪದಕ್ಕೂ ಇದೇ ನಂಟು. ಸ್ಪೆಲಿಂಗ್ ಬದಲಾಗದೆ ಇರೋ ಯೂಸ್, ಹೌಸ್, ಎಕ್ಸ್‌ಕ್ಯೂಸ್ ನೋಡಿ, ಅಲ್ಲೂ ನಾಮಪದ ಆದಾಗ ಸ್, ಕ್ರಿಯಾಪದ ಆದಾಗ ಝಡ್. ಪ್ರಾಕ್ಟೀಸ್, ಲೈಸೆನ್ಸ್ ಈ ಎರಡರಲ್ಲಿ ಮಾತ್ರ ಕಿವಿ ಕೈ ಕೊಡುತ್ತೆ, ಯಾಕಂದ್ರೆ ಸದ್ದು ಎರಡೂ ಕಡೆ ಒಂದೇ. ಬ್ರಿಟಿಷ್ ಬರವಣಿಗೇಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಅಮೆರಿಕದವರು ಪ್ರಾಕ್ಟೀಸ್‌ಗೆ ಎರಡೂ ಕಡೆ ಸಿ, ಲೈಸೆನ್ಸ್‌ಗೆ ಎರಡೂ ಕಡೆ ಎಸ್ ಹಾಕಿ ಕೈ ತೊಳ್ಕೊಂಡಿದಾರೆ. ನೀವು ಯಾರಿಗೆ ಬರೀತಿದೀರಿ ನೋಡ್ಕೊಂಡು ಒಂದು ಹಿಡ್ಕೊಳ್ಳಿ, ಒಂದೇ ಪತ್ರದಲ್ಲಿ ಎರಡೂ ಬೇಡ.

ಪ್ರಶ್ನೆ: ಅಫೆಕ್ಟ್, ಎಫೆಕ್ಟ್. ನೂರು ಸಲ ಓದಿದೀನಿ, ಗೋಡೆ ಮೇಲೆ ಬರೆದು ಅಂಟಿಸಿದೀನಿ, ಎಕ್ಸಾಮಲ್ಲಿ ಕೂತ ತಕ್ಷಣ ಎರಡೂ ಸರಿ ಅನ್ಸುತ್ತೆ ಎರಡೂ ತಪ್ಪು ಅನ್ಸುತ್ತೆ. ಏನ್ಮಾಡ್ಲಿ?

ಉತ್ತರ: ಮೊದಲು ಗೋಡೆ ಮೇಲಿಂದ ಕಿತ್ತುಹಾಕಿ. ನಿಜವಾಗ್ಲೂ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದ್ರೆ ಮನಸಲ್ಲಿ ಅವು ಅಕ್ಕಪಕ್ಕಾನೇ ಉಳ್ಕೊಳ್ಳುತ್ತೆ, ಒಂದನ್ನ ಕರೆದ್ರೆ ಎರಡೂ ಎದ್ದು ಬರ್ತವೆ. ಅವಳಿ ಮಕ್ಕಳನ್ನ ಗುರುತು ಹಿಡಿಯೋ ಹಾಗೆ ಮಾಡ್ಬೇಕು, ಮೊದಲು ಒಂದು ಮಗು ಜೊತೆ ಚೆನ್ನಾಗಿ ಪಳಗಿಬಿಡಿ, ಆಗ "ಇದಲ್ಲದ್ದು ಅದು" ಅಂತ ಇನ್ನೊಂದು ತಾನಾಗೇ ಗೊತ್ತಾಗುತ್ತೆ.

ಪಳಗೋಕೆ ನಾನು ಹೇಳೋದು ಎಫೆಕ್ಟ್ ಜೊತೆ, ಯಾಕಂದ್ರೆ ಅದು ಆಗ್ಲೇ ನಮ್ಮನೇಲಿದೆ. ಸೈಡ್ ಎಫೆಕ್ಟ್, ಸೌಂಡ್ ಎಫೆಕ್ಟ್, ಗ್ರೀನ್‌ಹೌಸ್ ಎಫೆಕ್ಟ್. ಎಲ್ಲಾ ನಾಮಪದ, ಎಲ್ಲಾ ಇ. "ಪರಿಣಾಮ" ಅನ್ನೋ ಜಾಗದಲ್ಲಿ ಕೂರುತ್ತೆ, ಹಿಂದೆ ದ ಅಥವಾ ಆ್ಯನ್ ಬರುತ್ತೆ, ಮುಂದೆ ಬಹಳ ಸಲ ಆನ್ ಬರುತ್ತೆ. ಇದೊಂದನ್ನ ಒಂದು ವಾರ ಬಳಸಿ. ಆಮೇಲೆ ಅಫೆಕ್ಟ್ ಕಡೆ ಹೋಗಿ, ಅದು ಕ್ರಿಯೆ, ಯಾವುದೋ ಒಂದು ಇನ್ನೊಂದನ್ನ ತಟ್ಟೋದು. ನಿದ್ದೆಗೆಟ್ರೆ ಓದು ಅಫೆಕ್ಟ್ ಆಗುತ್ತೆ, ನಿದ್ದೆಗೆಟ್ಟಿದ್ದರ ಎಫೆಕ್ಟ್ ಓದಿನ ಮೇಲೆ ಕಾಣುತ್ತೆ.

ನಮಗೆ ಇದು ಕಷ್ಟ ಆಗೋಕೆ ಇನ್ನೊಂದು ಕಾರಣ ಕನ್ನಡದ ಜಾಯಮಾನ. ನಾವು "ಪರಿಣಾಮ" ಅಂತೀವಿ, ಅದಕ್ಕೇ "ಆಗು" "ಬೀರು" ಅಂತ ಬಾಲ ಕಟ್ಟಿದ್ರೆ ಕ್ರಿಯೆ ಆಯ್ತು, ಪದ ಬದಲಾಯಿಸೋ ಗೋಜೇ ಇಲ್ಲ. ಇಂಗ್ಲಿಷ್ ಪದಾನೂ ಹಾಗೇ ಮಾಡ್ತೀವಿ, "ತುಂಬಾ ಎಫೆಕ್ಟ್ ಆಯ್ತು" ಅಂತ. ಕನ್ನಡದಲ್ಲಿ ಅದು ಪರವಾಗಿಲ್ಲ, ಇಂಗ್ಲಿಷ್ ವಾಕ್ಯಕ್ಕೆ ಎತ್ತಿ ಹಾಕುವಾಗ ಎಡವೋದು.

ಮಧ್ಯದಲ್ಲಿ ಯಾರಾದ್ರೂ "ಎಫೆಕ್ಟ್ ಕೂಡ ಕ್ರಿಯಾಪದ ಆಗುತ್ತೆ ಗೊತ್ತಾ" ಅಂತ ಹೆದರಿಸಿದ್ರೆ ಹೆದರ್ಬೇಡಿ. ಆಗುತ್ತೆ, ಒಂದನ್ನ ಆಗುಮಾಡು, ಜಾರಿಗೆ ತರು ಅನ್ನೋ ಅರ್ಥದಲ್ಲಿ. ಬದಲಾವಣೆಯನ್ನ ಎಫೆಕ್ಟ್ ಮಾಡೋದು ಅಂದ್ರೆ ಬದಲಾವಣೆ ತರೋದು, ಅಫೆಕ್ಟ್ ಮಾಡೋದು ಅಂದ್ರೆ ಆಗ್ಲೇ ನಡೀತಿರೋ ಬದಲಾವಣೆಗೆ ಕೈ ತಾಗಿಸೋದು. ಮನಃಶಾಸ್ತ್ರದವರು ಅಫೆಕ್ಟನ್ನ ನಾಮಪದ ಮಾಡ್ಕೊಂಡು, ಮೊದಲ ಅಕ್ಷರದ ಮೇಲೆ ಒತ್ತು ಹಾಕಿ ಹೇಳ್ತಾರೆ, ಮುಖದಲ್ಲಿ ಕಾಣೋ ಭಾವ ಅನ್ನೋ ಅರ್ಥಕ್ಕೆ. ಎಕ್ಸಾಮ್ ಮುಗಿದ ಮೇಲೆ ಇದನ್ನ ಓದ್ಕೊಳ್ಳಿ, ಈಗ ಬೇಡ.

ಪ್ರಶ್ನೆ: ಕನ್ನಡದಲ್ಲಿ ಬರೆದ ಹಾಗೆ ಓದ್ತೀವಿ, ಓದಿದ ಹಾಗೆ ಬರೀತೀವಿ. ಇಂಗ್ಲಿಷಿನವರು ಒಂದೇ ಥರ ಹತ್ತು ಪದ ಇಟ್ಕೊಂಡು ಯಾಕೆ ಜನರ ಪ್ರಾಣ ತಿಂತಾರೆ? ಯಾರು ಮಾಡಿದ್ದು ಇದನ್ನ?

ಉತ್ತರ: ಯಾರೂ ಕೂತು ಮಾಡಿದ್ದಲ್ಲ, ಅದೇ ತೊಂದರೆ. ನಮ್ಮಲ್ಲೂ ಕಲೆ ಕಳೆ, ಕಾಲು ಕಾಳು, ಬೆಲೆ ಬೆಳೆ ಇವೆ, ಕನ್ನಡ ಕಲಿಯೋಕೆ ಬಂದವರನ್ನ ಕೇಳಿ ನೋಡಿ ನಾವೆಷ್ಟು ಪ್ರಾಣ ತಿಂತೀವಿ ಅಂತ. ಆದ್ರೆ ನಮ್ಮಲ್ಲಿ ಅಕ್ಷರ ಬೇರೆ ಆದ್ರೆ ಸದ್ದೂ ಬೇರೆ, ಅಲ್ಲಿ ಆ ಗ್ಯಾರಂಟಿ ಇಲ್ಲ.

1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ಹೊಳೆ ಹರಿದ ಹಾಗೆ ಬಂದ್ವು, ವಿದ್ವಾಂಸರು ಲ್ಯಾಟಿನ್ನಿಂದ ನೇರವಾಗಿ ಇನ್ನಷ್ಟು ತಂದ್ರು, ಕೆಲವು ಸಲ ಒಂದೇ ಪದ ಎರಡು ದಾರೀಲಿ ಬಂದು ಎರಡು ಪದ ಆಗಿ ಕೂತ್ಕೊಂಡ್ತು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ಹಾಕಿದ, ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಗ್ತಾ ಬಂತು. ಅದೇ ಹೊತ್ತಲ್ಲಿ, ಸುಮಾರು 1400ರಿಂದ 1700ರ ತನಕ, ಜನರ ಬಾಯಲ್ಲಿ ಸ್ವರಗಳು ಜಾಗ ಬದಲಾಯಿಸ್ತಾ ಇದ್ವು. ಬಾಯಿ ಒಂದು ಕಡೆ ಹೋಯ್ತು, ಅಚ್ಚು ಇನ್ನೊಂದು ಕಡೆ ಉಳೀತು.

ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದು ಒಂದೇ ಹೊಟ್ಟೇಲಿ ಹುಟ್ಟಿ ಆಮೇಲೆ ಬೇರೆ ಸಂಸಾರ ಹೂಡಿದ ಪದಗಳು. ಸ್ಟೇಷನರಿ ತಗೊಳ್ಳಿ. ಕೊನೇಲಿ ಎ ಬಂದ್ರೆ ನಿಂತಲ್ಲೇ ನಿಂತಿರೋದು, ಇ ಬಂದ್ರೆ ಪೆನ್ನು ಪೇಪರು ಲಕೋಟೆ. ಸಂಬಂಧವೇ ಇಲ್ಲ ಅನ್ಸುತ್ತೆ ಅಲ್ವಾ? ಇದೆ. ಮಧ್ಯಯುಗದಲ್ಲಿ ಹೆಚ್ಚಿನ ವ್ಯಾಪಾರಿಗಳು ಊರೂರು ತಿರುಗಿ ಮಾರ್ತಿದ್ರು, ಪುಸ್ತಕ ಮಾರೋವನು ಮಾತ್ರ ವಿಶ್ವವಿದ್ಯಾಲಯದ ಹತ್ರ ಒಂದು ಕಡೆ ಅಂಗಡಿ ಹಾಕ್ಕೊಂಡು ನಿಂತಿರ್ತಿದ್ದ, ನಿಂತವನು ಅನ್ನೋ ಅರ್ಥದಲ್ಲೇ ಅವನಿಗೆ ಸ್ಟೇಷನರ್ ಅಂತ ಹೆಸರು ಬಂತು, ಅವನು ಮಾರೋದು ಸ್ಟೇಷನರಿ ಆಯ್ತು. ಬೇಕರ್ ಇಂದ ಬೇಕರಿ ಆದ ಹಾಗೆ. ಬೇಕರ್‌ನಲ್ಲಿರೋ ಇ ಆರ್ ಬೇಕರೀಲೂ ಇರುತ್ತೆ, ಸ್ಟೇಷನರ್‌ನಲ್ಲಿರೋ ಇ ಆರ್ ಸ್ಟೇಷನರೀಲೂ ಇರುತ್ತೆ. ಇದು ತಿಳಿದ ಮೇಲೆ ನಾನಂತೂ ತಪ್ಪಿಲ್ಲ.

ಹೂವು ಅನ್ನೋ ಫ್ಲವರ್, ಹಿಟ್ಟು ಅನ್ನೋ ಫ್ಲೋರ್ ಅಂತ ನಾವು ತಪ್ಪಾಗಿ ಓದೋ ಪದ (ಅದರ ಉಚ್ಚಾರಾನೂ ಫ್ಲವರ್ರೇ) ಎರಡೂ ಮೂಲದಲ್ಲಿ ಒಂದೇ. ಬೀಸಿದ್ದರಲ್ಲಿ ಅತಿ ನಯವಾದ ಭಾಗ ಅದರ "ಹೂವು" ಅಂತ ಲೆಕ್ಕ. ಲೋಹ ಅನ್ನೋ ಮೆಟಲ್, ಕೆಚ್ಚು ಅನ್ನೋ ಅರ್ಥದ ಇನ್ನೊಂದು ಮೆಟಲ್ ಕೂಡ ಹಾಗೇ, ಎರಡು ಟಿ, ಎಲ್, ಇ ಬಂದ್ರೆ ಮನುಷ್ಯನೊಳಗಿನ ಗಟ್ಟಿತನ. ಆಮೇಲೆ ಅನ್ನೋ ದೆನ್, ಹೋಲಿಸೋವಾಗ ಬರೋ ದ್ಯಾನ್ ಕೂಡ ಹಿಂದೆ ಒಂದೇ ಪದ ಆಗಿದ್ವು ಅಂದ್ರೆ ನಂಬ್ತೀರಾ?

ಡಿಸ್ಕ್ರೀಟ್ ಬಗ್ಗೆ ಇಬ್ಬರು ಕೇಳಿದಾರೆ, ಇಲ್ಲೇ ಹೇಳಿಬಿಡ್ತೀನಿ. ಎರಡಕ್ಕೂ ಮೂಲ ಲ್ಯಾಟಿನ್ನಿನ ಬೇರ್ಪಡಿಸು ಅನ್ನೋ ಪದ. ಎರಡು ಇ ಒಟ್ಟಿಗೆ ಕೂತು ಪಿಸುಪಿಸು ಮಾತಾಡ್ತಿದ್ರೆ ಅದು ಗುಟ್ಟು ಕಾಯೋ, ಸೂಕ್ಷ್ಮ ತಿಳಿದ ಮನುಷ್ಯನ ಗುಣ. ಎರಡು ಇ ಮಧ್ಯೆ ಟಿ ಗೋಡೆ ಎದ್ದಿದ್ರೆ ಅದು ಬಿಡಿಬಿಡಿಯಾದದ್ದು, ಗಣಿತದವರು ಹೇಳೋ ಡಿಸ್ಕ್ರೀಟ್.

ಪ್ರಶ್ನೆ: ಪ್ರಿನ್ಸಿಪಲ್‌ಗೆ ಕೊನೇಲಿ ಎ ಎಲ್ ನಾ, ಎಲ್ ಇ ನಾ? ಲೀವ್ ಲೆಟರ್‌ನಲ್ಲೇ ತಪ್ಪು ಬರೆದು ವಾಪಸ್ ಬಂತು.

ಉತ್ತರ: ಎಲ್ ಇ ಇರೋದಕ್ಕೆ ಇರೋದು ಒಂದೇ ಕೆಲಸ, ತತ್ವ ಅಥವಾ ನಿಯಮ. ಅದು ಮನುಷ್ಯ ಆಗಲ್ಲ, ದುಡ್ಡೂ ಆಗಲ್ಲ. ಉಳಿದದ್ದೆಲ್ಲ ಎ ಎಲ್. ಕಾಲೇಜಿನ ಮುಖ್ಯಸ್ಥರು, ಸಾಲದ ಅಸಲು, ಮುಖ್ಯವಾದ ಕಾರಣ, ಈ ಮೂರರಲ್ಲೂ ಒಳಗಿರೋ ಅರ್ಥ "ಮುಖ್ಯ" ಅನ್ನೋದೇ, ಬಡ್ಡಿಗೆ ಎದುರಾಗಿ ಮುಖ್ಯ ಹಣ ಅಂತ ಅಸಲಿಗೆ ಆ ಹೆಸರು. ಹಾಗಾಗಿ ಬರೆಯೋ ಮುಂಚೆ ಅಲ್ಲಿ "ತತ್ವ" ಅಂತ ಹಾಕಿ ನೋಡಿ, ಕೂತ್ರೆ ಎಲ್ ಇ, ಕೂರದಿದ್ರೆ ಎ ಎಲ್. ನಿಮ್ಮ ಪತ್ರಾನ "ಮಾನ್ಯ ತತ್ವಗಳಿಗೆ" ಅಂತ ಓದ್ಕೊಂಡ್ರೆ ಯಾಕೆ ವಾಪಸ್ ಬಂತು ಅಂತ ಗೊತ್ತಾಗುತ್ತೆ.

ಪ್ರಶ್ನೆ: ಒಂದು ದೊಡ್ಡ ಪಟ್ಟಿ ಕಳಿಸ್ತಿದೀನಿ, ಬೇಗ ಬೇಗ ಹೇಳಿ ಮೇಡಂ, ಇಂಟರ್‌ವ್ಯೂ ಇದೆ.

ಉತ್ತರ: ಪಟ್ಟೀಲಿ ಮೂವತ್ತಕ್ಕೂ ಹೆಚ್ಚು ಇದ್ವು, ಅರ್ಧ ಬಿಟ್ಟಿದೀನಿ ಬೇಜಾರಾಗ್ಬೇಡಿ. ಮಧ್ಯೆ ಎ ಇದ್ದು ಅಡ್ಯಾಪ್ಟ್ ಅಂತ ಬಾಯಿ ಅಗಲಿಸಿದ್ರೆ ಹೊಂದಿಕೊಳ್ಳೋದು, ಮಧ್ಯೆ ಓ ಇದ್ದು ಅಡಾಪ್ಟ್ ಅಂದ್ರೆ ದತ್ತು ತಗೊಳ್ಳೋದು ಅಥವಾ ಒಪ್ಪಿಕೊಂಡು ಬಳಸೋದು. ಬ್ಯಾಂಕಿಗೆ ಯ ಒತ್ತು ಹಾಕೋ ನಾವು ಇದಕ್ಕೆ ಹಾಕದೆ ಎರಡನ್ನೂ ಒಂದೇ ಥರ ಬರೀತೀವಿ, ಅಲ್ಲೇ ಎಡವಟ್ಟು. ಒಂದು ಟಿ ಇದ್ರೆ ಲೇಟರ್, ಆಮೇಲೆ. ಎರಡು ಟಿ ಇದ್ರೆ ಲ್ಯಾಟರ್, ಹೇಳಿದ ಎರಡರಲ್ಲಿ ಎರಡನೇದು, ಮೂರು ಹೇಳಿದ್ರೆ ಅದನ್ನ ಬಳಸ್ಬೇಡಿ. ಕ್ವಯೆಟ್ ನಿಶ್ಶಬ್ದ, ಕ್ವೈಟ್ ಸಾಕಷ್ಟು. ಪರ್ಸನಲ್ ಸ್ವಂತದ್ದು, ಕೊನೆಗೆ ನೆಲ್ ಅಂತ ಒತ್ತಿ ಹೇಳೋ ಪರ್ಸನೆಲ್ ಸಿಬ್ಬಂದಿ. ಮಾರಲ್ ನೀತಿ, ಮರಾಲ್ ಅನ್ನೋದು ಹುಮ್ಮಸ್ಸು, ಇಂಟರ್‌ವ್ಯೂನಲ್ಲಿ "ನನ್ನ ಟೀಮಿನ ಮಾರಲ್ ಹೆಚ್ಚಿಸಿದೆ" ಅಂದ್ಬಿಟ್ರೆ ಮುಂಚೆ ಅವರಿಗೆ ನೀತಿ ಇರ್ಲಿಲ್ವಾ ಅಂತಾರೆ. ಇಟ್ಸ್‌ನಲ್ಲಿ ಮೇಲೆ ಕೊಂಬು (ಅಪಾಸ್ಟ್ರಫಿ) ಹಾಕೋ ಮುಂಚೆ "ಇಟ್ ಈಸ್" ಅಥವಾ "ಇಟ್ ಹ್ಯಾಸ್" ಅಂತ ಬಿಡಿಸಿ ಓದಿ, ಅರ್ಥ ಕೆಟ್ರೆ ಕೊಂಬು ಬೇಡ. ಹಿಸ್‌ಗೆ ಕೊಂಬಿಲ್ಲ, ಅವರ್ಸ್‌ಗೆ ಕೊಂಬಿಲ್ಲ, ಇದಕ್ಕೂ ಇಲ್ಲ.

ಪ್ರಶ್ನೆ: ಇನ್‌ಫ್ಲೇಮಬಲ್ ಅಂತ ಡಬ್ಬದ ಮೇಲೆ ಬರೆದಿದ್ರೆ ಬೆಂಕಿ ಹತ್ಕೊಳ್ಳಲ್ಲ ಅಂತ ತಾನೇ? ಇನ್ ಅಂದ್ರೆ ಅಲ್ಲ ಅಂತ ಓದಿದ್ದೆ.

ಉತ್ತರ: ಅಯ್ಯೋ, ಮೊದಲು ಆ ಡಬ್ಬ ಒಲೆಯಿಂದ ದೂರ ಇಡಿ! ಹತ್ಕೊಳ್ಳುತ್ತೆ, ಚೆನ್ನಾಗೇ ಹತ್ಕೊಳ್ಳುತ್ತೆ. ಈ ಪದದಲ್ಲಿರೋ ಇನ್ "ಅಲ್ಲ" ಅನ್ನೋ ಇನ್ ಅಲ್ಲ, ಲ್ಯಾಟಿನ್ನಿನ ಉರಿಸು ಅನ್ನೋ ಪದದ ಜೊತೇಲೇ ಬಂದ, "ಒಳಗೆ" ಅನ್ನೋ ಅರ್ಥದ ಇನ್. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡರ ಅರ್ಥಾನೂ ಒಂದೇ. ನಿಮ್ಮ ಹಾಗೇ ಇಂಗ್ಲಿಷ್ ಬಲ್ಲವರೂ ತಪ್ಪು ತಿಳ್ಕೊಂಡು ಅಪಾಯ ಆಗ್ಬಾರ್ದು ಅಂತಾನೇ 1920ರ ದಶಕದಲ್ಲಿ ಅಮೆರಿಕದ ಬೆಂಕಿ ಸುರಕ್ಷತೆಯ ಸಂಸ್ಥೆಯವರು ಫ್ಲೇಮಬಲ್ ಅಂತಲೇ ಬರೀರಿ ಅಂತ ಹೇಳೋಕೆ ಶುರು ಮಾಡಿದ್ರು. ಹತ್ಕೊಳ್ಳದೆ ಇರೋದಕ್ಕೆ ನಾನ್ ಫ್ಲೇಮಬಲ್.

ಇದೇ ಥರ ಜನ ಎಡವೋ ಇನ್ನೊಂದು ಇನ್‌ವ್ಯಾಲ್ಯುಯೆಬಲ್. ಬೆಲೆ ಇಲ್ಲದ್ದು ಅಂತ ತಿಳೀತಾರೆ. ಆದ್ರೆ ಇದನ್ನ ಕನ್ನಡದವರು ತಪ್ಪು ಮಾಡೋ ಹಾಗೇ ಇಲ್ಲ ನೋಡಿ, ನಮ್ಮ "ಅಮೂಲ್ಯ" ಪದ ಕಟ್ಟಿರೋದೂ ಹಾಗೇ ಅಲ್ವಾ. ಅ ಇದೆ ಅಂತ ಮೂಲ್ಯ ಇಲ್ಲದ ಕಸ ಅಂತ ಯಾರಾದ್ರೂ ಅಂತೀವಾ? ಬೆಲೆ ಕಟ್ಟೋಕಾಗದಷ್ಟು ದೊಡ್ಡದು ಅಂತೀವಿ.

ಪ್ರಶ್ನೆ: ಎಕನಾಮಿಕ್, ಎಕನಾಮಿಕಲ್. ಹಿಸ್ಟಾರಿಕ್, ಹಿಸ್ಟಾರಿಕಲ್. ಇದರಲ್ಲಿ ನಿಜವಾಗ್ಲೂ ವ್ಯತ್ಯಾಸ ಇದೆಯಾ ಇಲ್ಲ ಮೇಷ್ಟ್ರುಗಳ ಕಿರಿಕಿರಿನಾ?

ಉತ್ತರ: ಇವೆರಡರಲ್ಲಿ ಇದೆ. ಎಕನಾಮಿಕ್ ಅಂದ್ರೆ ಅರ್ಥವ್ಯವಸ್ಥೆಗೆ ಸಂಬಂಧಪಟ್ಟದ್ದು, ಎಕನಾಮಿಕಲ್ ಅಂದ್ರೆ ಕಡಿಮೆ ಖರ್ಚಿಂದು. ಸರ್ಕಾರದ ಎಕನಾಮಿಕ್ ಪಾಲಿಸಿ ಎಕನಾಮಿಕಲ್ ಆಗಿರ್ಬೇಕು ಅಂತೇನಿಲ್ಲ. ಇತಿಹಾಸದಲ್ಲಿ ಆಗಿಹೋದದ್ದೆಲ್ಲ ಹಿಸ್ಟಾರಿಕಲ್, ಇತಿಹಾಸದಲ್ಲಿ ನೆನಪಿಡೋ ಅಂಥದ್ದು ಹಿಸ್ಟಾರಿಕ್.

ಡಿಸ್‌ಇಂಟರೆಸ್ಟೆಡ್ ಬಗ್ಗೆ ಮಾತ್ರ ನಾನು ಸ್ವಲ್ಪ ಹಟಮಾರಿ. ಅದರ ಅರ್ಥ ಆಸಕ್ತಿ ಇಲ್ಲದವನು ಅಲ್ಲ, ಸ್ವಾರ್ಥ ಇಲ್ಲದವನು, ಎರಡು ಪಕ್ಷಕ್ಕೂ ಸೇರದವನು. ಜಗಳ ಬಿಡಿಸೋಕೆ ಡಿಸ್‌ಇಂಟರೆಸ್ಟೆಡ್ ಜಡ್ಜ್ ಬೇಕು, ಅನ್‌ಇಂಟರೆಸ್ಟೆಡ್ ಜಡ್ಜ್ ಸಿಕ್ರೆ ಅವರು ಆಕಳಿಸ್ತಾ ಕೂತಿರ್ತಾರೆ. ಈಗ ಬಹಳ ಜನ ಎರಡನ್ನೂ ಒಂದೇ ಅನ್ನೋ ಹಾಗೆ ಬಳಸ್ತಾರೆ, ಡಿಕ್ಷನರಿಗಳೂ ಅದನ್ನ ದಾಖಲಿಸಿವೆ, ಆದ್ರೂ ನನಗೆ ಬಿಟ್ಟುಕೊಡೋಕೆ ಮನಸಿಲ್ಲ. ಕಂಟಿನ್ಯುಯಲ್, ಕಂಟಿನ್ಯುಯಸ್ ವ್ಯತ್ಯಾಸಕ್ಕೆ, ಬಿಟ್ಟುಬಿಟ್ಟು ಬರೋದು, ಬಿಡದೆ ಬರೋದು ಅಂತ ಇದೆಯಲ್ಲ, ಅದಕ್ಕೆ ನಾನು ಅಷ್ಟು ಜೀವ ತೇಯಲ್ಲ.

ಪ್ರಶ್ನೆ: ಹೀಗೆ ಒಂದರ ಬದಲು ಇನ್ನೊಂದು ಹೇಳಿ ನಗೆಪಾಟಲಾಗೋದಕ್ಕೆ ಏನಾದ್ರೂ ಹೆಸರಿದೆಯಾ? ನಿಮಗೆ ಯಾವತ್ತಾದ್ರೂ ಆಗಿದೆಯಾ?

ಉತ್ತರ: ಇದೆ, ಮ್ಯಾಲಪ್ರಾಪಿಸಂ ಅಂತಾರೆ. 1775ರಲ್ಲಿ ಶೆರಿಡನ್ ಬರೆದ ಒಂದು ನಾಟಕದಲ್ಲಿ ಮಿಸೆಸ್ ಮ್ಯಾಲಪ್ರಾಪ್ ಅನ್ನೋ ಪಾತ್ರ ಬರುತ್ತೆ, ದೊಡ್ಡ ದೊಡ್ಡ ಪದ ಹೇಳೋಕೆ ಹೋಗಿ ಪಕ್ಕದ ಪದ ಹೇಳೋದೇ ಆಯಮ್ಮನ ಕೆಲಸ, ಅವಳಿಂದಲೇ ಈ ಹೆಸರು.

ನನಗಾಗಿದ್ದಾ? ಆಗದೆ ಇರುತ್ತಾ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಭೇಲಿ ಅತಿಥಿಗಳನ್ನ ಪರಿಚಯ ಮಾಡ್ಕೊಡೋ ಕೆಲಸ ನನ್ನ ಪಾಲಿಗೆ ಬಂತು. ಗಣ್ಯ ಅನ್ನೋ ಅರ್ಥಕ್ಕೆ ಎಮಿನೆಂಟ್ ಅನ್ಬೇಕಿತ್ತು, ಹಿಂದಿನ ರಾತ್ರಿ ಎರಡನ್ನೂ ಅಕ್ಕಪಕ್ಕ ಇಟ್ಟು ಬಾಯಿಪಾಠ ಮಾಡಿದ್ದೆ (ಅದಕ್ಕೇ ಮೇಲೆ ಅಷ್ಟು ಹೇಳಿದ್ದು), ಮೈಕ್ ಮುಂದೆ ನಿಂತು ದೊಡ್ಡ ಗಂಟಲಲ್ಲಿ ಇಮಿನೆಂಟ್ ಸ್ಕಾಲರ್ ಅಂದ್ಬಿಟ್ಟೆ. ಇಮಿನೆಂಟ್ ಅಂದ್ರೆ ಇನ್ನೇನು ಬಂದೇಬಿಡ್ತು ಅನ್ನೋ ಹಾಗಿರೋದು, ಚಂಡಮಾರುತ, ಅಪಾಯ ಇಂಥವಕ್ಕೆ ಹೇಳೋ ಮಾತು. ಆ ಹಿರಿಯರು ಎದ್ದು ಬಂದು ಮೈಕ್ ತಗೊಂಡು "ಬಂದಾಯ್ತು ಕಣಮ್ಮ, ಗಾಬರಿಯಾಗ್ಬೇಡ" ಅಂದ್ರು.